53 ಚೀಟಿ, 3 ಕೆಲಸ: ಮಲೆನಾಡಿನ ಶಾಲೆಯೊಂದಕ್ಕೆ ಕಾಂಡೋರ್ಸೆ ಬಂದದ್ದು

ಇದು ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದದ್ದು. ಊರಿನ ಹೆಸರು, ಜನರ ಹೆಸರು ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಾಯಿಸಿದ್ದೇನೆ. ಮತಗಳ ಎಣಿಕೆ ಮಾತ್ರ ಅವತ್ತು ಕಪ್ಪು ಹಲಗೆಯ ಮೇಲೆ ಬರೆದ ಹಾಗೇ ಇದೆ. ನೂರು ವರ್ಷ ತುಂಬಿದ ಶಾಲೆಗೆ ಕೂಡಿದ ದುಡ್ಡನ್ನು ಯಾವ ಕೆಲಸಕ್ಕೆ ಹಾಕಬೇಕು ಅನ್ನುವುದಷ್ಟೇ ಪ್ರಶ್ನೆ. ಅಷ್ಟಕ್ಕೇ ಊರು ಎರಡು ಹೋಳಾಗುವ ಹಾಗಿತ್ತು. ಆಗ ನಮಗೆ ದಾರಿ ತೋರಿಸಿದ್ದು 1785ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಒಂದು ಪುಸ್ತಕ. ಅದನ್ನು ಬರೆದವನು ಕಾಂಡೋರ್ಸೆ ಎಂಬ ಫ್ರೆಂಚ್ ಗಣಿತಜ್ಞ. ಇನ್ನೂ ಎಷ್ಟೋ ಊರುಗಳಲ್ಲಿ, ಸಂಘಗಳಲ್ಲಿ ಇಂಥದೇ ಜಗಳ ಆಗುತ್ತಿರುತ್ತದೆ. ಅವರಿಗೆ ಉಪಯೋಗ ಆಗಲಿ ಅಂತ ಇದನ್ನು ಸವಿಸ್ತಾರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಹೆಂಚಿನ ಮಾಡಿನ ಶಾಲೆ. ಎದುರಿಗೆ ಅಂಗಳ, ಅಂಗಳದ ತುದಿಯಲ್ಲಿ ಒಂದು ಹಲಸಿನ ಮರ. ಒಂದರಿಂದ ಏಳನೇ ತರಗತಿವರೆಗೆ ಎಂಬತ್ತರ ಆಸುಪಾಸು ಮಕ್ಕಳು. ನಾನೂ ಅಲ್ಲೇ ಅಕ್ಷರ ಕಲಿತವನು. ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡಿ, ನಿವೃತ್ತನಾಗಿ ಊರಿಗೆ ವಾಪಸು ಬಂದಿದ್ದೆ. ಶತಮಾನೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು, ದಾನಿಗಳು, ಪೋಷಕರ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು, ಶಿಕ್ಷಕರು ಸೇರಿ 53 ಜನರ ಸಮಿತಿ ಆಯಿತು. ಅದರಲ್ಲಿ ಹೆಂಗಸರು 16. ಬೆಂಗಳೂರು, ಮುಂಬೈ, ಗಲ್ಫ್ ಅಂತ ಹೋದವರೆಲ್ಲ ಧಾರಾಳವಾಗಿ ಕೊಟ್ಟರು. ಉತ್ಸವದ ಖರ್ಚು ಕಳೆದು 9 ಲಕ್ಷ ಚಿಲ್ಲರೆ ಉಳಿಯಿತು. ಅದರಲ್ಲಿ ಒಂದು ಶಾಶ್ವತ ಕೆಲಸ ಆಗಬೇಕು ಅಂತ ಎಲ್ಲರೂ ಒಪ್ಪಿದರು. ಯಾವ ಕೆಲಸ ಅನ್ನುವಲ್ಲಿ ಮಾತು ಮುರಿಯಿತು.

ಮೊದಲು ಬಂದದ್ದು ಕಮಾನಿನ ಮಾತು. ರಸ್ತೆ ಬದಿಗೆ ಒಂದು ದೊಡ್ಡ ಮಹಾದ್ವಾರ, ಅದರ ಕಂಬಕ್ಕೆ ಕಲ್ಲಿನಲ್ಲಿ ಕೊರೆದ ದಾನಿಗಳ ಹೆಸರು. ಇದನ್ನು ಹಗುರವಾಗಿ ನೋಡಬಾರದು. ತಾನು ಕಲಿತ ಶಾಲೆಯ ಬಾಗಿಲಲ್ಲಿ ತನ್ನ ಅಪ್ಪ ಅಮ್ಮನ ಹೆಸರು ಇರಬೇಕು ಅನ್ನುವುದು ಪ್ರೀತಿಯ ಆಸೆ. ಎರಡನೆಯದು ಬಯಲು ರಂಗಮಂದಿರ. ನಮ್ಮ ಕಡೆ ಯಕ್ಷಗಾನ ಅಂದರೆ ಜೀವ. ಶಾಲಾ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಶಾಮಿಯಾನ, ಬಾಡಿಗೆ ಸ್ಟೇಜು ಅಂತ ಖರ್ಚು ಮಾಡಿ ಮಾಡಿ ಹುಡುಗರಿಗೆ ಸಾಕಾಗಿತ್ತು.

ಮೂರನೆಯದು ಪಟ್ಟಿಗೆ ಸೇರಿದ್ದೇ ಆಕಸ್ಮಿಕ. ಮೊದಲ ಸಭೆ ಮುಗಿಯುವ ಹೊತ್ತು. ಚಹಾ ಲೋಟ ಹಿಡಿದು ಎಲ್ಲ ಎದ್ದಿದ್ದರು. ಆರನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ, ಎಸ್‌ಡಿಎಂಸಿ ಸದಸ್ಯೆ, ಹಿಂದಿನ ಬೆಂಚಿನಿಂದಲೇ ಹೇಳಿದರು: "ನಾನು ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟ್ಲಿಯನ್ನ ನನ್ನ ಮಗಳು ಸಂಜೆ ಹಾಗೇ ವಾಪಸ್ ತರ್ತಾಳೆ. ಯಾಕೆ ಕುಡಿಲಿಲ್ಲ ಅಂತ ಕೇಳಿದ್ರೆ, ಕುಡಿದ್ರೆ ಹೋಗ್ಬೇಕಲ್ಲಮ್ಮ, ಎಲ್ಲಿಗೆ ಹೋಗಲಿ ಅಂತಾಳೆ." ಶಾಲೆಯಲ್ಲಿ ಶೌಚಾಲಯ ಇರಲಿಲ್ಲ ಅಂತಲ್ಲ. ಕಟ್ಟಿದ್ದು ಇತ್ತು. ಒಂದರ ಬಾಗಿಲು ಕಿತ್ತುಹೋಗಿತ್ತು, ಇನ್ನೊಂದಕ್ಕೆ ನೀರಿನ ಪೈಪು ಬಂದೇ ಇರಲಿಲ್ಲ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಧ್ಯಕ್ಷರು "ಅದನ್ನೂ ಬರ್ಕೊಳ್ಳಿ" ಅಂದರು. ಹಾಗೆ ಹೆಣ್ಣುಮಕ್ಕಳ ಶೌಚಾಲಯ, ಜೊತೆಗೆ ಓವರ್‌ಹೆಡ್ ಟ್ಯಾಂಕು, ಪೈಪ್‌ಲೈನು ಮೂರನೇ ಹೆಸರಾಗಿ ಸೇರಿತು.

ಕೈ ಎತ್ತಿದ ಸಭೆ

ಮೂರಕ್ಕೂ ಅಂದಾಜು ಪಟ್ಟಿ ತರಿಸಿದೆವು. ಯಾವುದಕ್ಕೂ 7 ಲಕ್ಷಕ್ಕಿಂತ ಕಡಿಮೆ ಇರಲಿಲ್ಲ. ಅಂದರೆ ಆಗುವುದು ಒಂದೇ. ಮೂರಕ್ಕೂ ಮೂರು ಮೂರು ಲಕ್ಷ ಹಂಚೋಣ ಅಂತ ಒಬ್ಬರು ಹೇಳಿದರು. ಮೇಸ್ತ್ರಿ ಕೂತಲ್ಲೇ ಲೆಕ್ಕ ಹಾಕಿ, "ಮೂರು ಅರ್ಧ ಕಟ್ಟಡ ಆಗ್ತದೆ, ನಿಮಗೆ ಬೇಕಾದ್ರೆ ಮಾಡಿಕೊಡ್ತೇನೆ" ಅಂದರು. ಅಲ್ಲಿಗೆ ಆ ಮಾತು ನಿಂತಿತು.

ಎರಡನೇ ಸಭೆಯಲ್ಲಿ ಕೈ ಎತ್ತಿಸಿದರು. ರಂಗಮಂದಿರಕ್ಕೆ 23, ಕಮಾನಿಗೆ 20, ಶೌಚಾಲಯಕ್ಕೆ 6. ನಾಲ್ಕು ಜನ ಕೈಯನ್ನೇ ಎತ್ತಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಬಹಳ ಜನ ಕೈ ಎತ್ತುವ ಮೊದಲು ಮುಂದಿನ ಸಾಲಿನ ಕಡೆ ಒಮ್ಮೆ ನೋಡಿಕೊಂಡರು. ಅಲ್ಲಿ ದೊಡ್ಡ ದಾನಿಗಳಿದ್ದರು, ಮೇಳ ಕರೆಸುವ ಯಜಮಾನರಿದ್ದರು. ತಮ್ಮ ತೋಟದ ಕೆಲಸಕ್ಕೆ ಕರೆಯುವವರು ಎದುರಿಗೆ ಕೂತಿರುವಾಗ ಕೈ ಎಷ್ಟು ಮೇಲೆ ಹೋಗುತ್ತದೆ ಹೇಳಿ.

ರಂಗಮಂದಿರ ಗೆದ್ದಿತು ಅಂತ ಹುಡುಗರು ಚಪ್ಪಾಳೆ ಹೊಡೆದರು. ಕಮಾನಿನವರು ಎದ್ದು ನಿಂತು, "53 ಜನರಲ್ಲಿ 30 ಜನ ಬೇಡ ಅಂದದ್ದು ಗೆದ್ದದ್ದು ಹೇಗೆ?" ಅಂದರು. ಅದು ನ್ಯಾಯವಾದ ಪ್ರಶ್ನೆಯೇ. ಒಬ್ಬ ದಾನಿ ತಾವು ಒಪ್ಪಿಕೊಂಡಿದ್ದ ಮೊತ್ತ ಕೊಡುವುದೇ ಇಲ್ಲ ಅಂದರು. ಸಭೆ ಮುರಿಯಿತು. ಮರುದಿನ ಅಂಗಡಿ ಕಟ್ಟೆಯಲ್ಲಿ ಜನ ಬೇರೆ ಬೇರೆ ಗುಂಪಾಗಿ ಕೂತದ್ದನ್ನು ನಾನೇ ನೋಡಿದೆ.

ವಾರ ಕಳೆದ ಮೇಲೆ ಅಧ್ಯಕ್ಷರು ಮನೆಗೆ ಬಂದರು. "ಮೇಷ್ಟ್ರೇ, ನಿಮಗೆ ಯಾವ ಪಾರ್ಟಿಯೂ ಇಲ್ಲ. ನೀವು ನಿಂತು ಒಂದು ದಾರಿ ಮಾಡಿ." ಒಂದು ಷರತ್ತಿನ ಮೇಲೆ ಒಪ್ಪಿದೆ. ಮತ ಹಾಕುವ ಮೊದಲೇ ಎಣಿಸುವ ಕ್ರಮ ಬರೆದು ಎಲ್ಲರ ಸಹಿ ಹಾಕಿಸಬೇಕು. ಎಣಿಸಿದ ಮೇಲೆ ಯಾರೂ ನಿಯಮ ಬದಲಾಯಿಸುವ ಮಾತು ಎತ್ತಬಾರದು. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಇದೇ ಅಂತ ಈಗಲೂ ಅನಿಸುತ್ತದೆ.

ಹೇಗೆ ಎಣಿಸುವುದು?

ಕ್ರಮ ನಿಗದಿ ಮಾಡಲು ಹತ್ತು ಜನ ಕೂತೆವು. ಇಬ್ಬರು ಹೇಳಿದ್ದು ಮರುಮತದಾನ: ಮೊದಲ ಎರಡು ಸ್ಥಾನ ಬಂದದ್ದನ್ನು ಮಾತ್ರ ಇಟ್ಟು ಮತ್ತೆ ಮತ ಹಾಕಿಸುವುದು. ಹೆಡ್‌ಮಾಸ್ಟರು ಇನ್ನೊಂದು ಹೇಳಿದರು. ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರದ ಚುನಾವಣೆಯಲ್ಲಿ ಅವರು ಎಷ್ಟೋ ಸಲ ಮತ ಹಾಕಿದವರು. "ಅಲ್ಲಿ ನಾವು ಹೆಸರಿನ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೀತೇವೆ. ಕಡಿಮೆ ಬಂದವರನ್ನ ತೆಗೆದು ಅವರ ಎರಡನೇ ಪ್ರಾಶಸ್ತ್ಯ ಹಂಚ್ತಾರೆ. ಹಾಗೇ ಮಾಡೋಣ." ನನಗೆ ಆ ಮಾತಿನ ಅರ್ಧ ಬಹಳ ಹಿಡಿಸಿತು. ಒಂದೇ ಗುರುತು ಹಾಕಿಸುವ ಬದಲು ಪ್ರತಿಯೊಬ್ಬರ ಮನಸ್ಸಿನಲ್ಲಿರುವ ಮೂರರ ಕ್ರಮವನ್ನೂ ಕೇಳುವುದು. ಉಳಿದ ಅರ್ಧಕ್ಕೆ ನಾನು ಅಡ್ಡ ಬಂದೆ. ಕಡಿಮೆ ಬಂದದ್ದನ್ನು ಮೊದಲೇ ತೆಗೆದುಹಾಕಬಾರದು ಅಂದೆ. ಯಾಕೆ ಅಂತ ಕೇಳಿದರು. ಆಗ ಕಾಂಡೋರ್ಸೆಯ ಕಥೆ ಹೇಳಿದೆ.

ಎಂ.ಎಸ್ಸಿ. ಓದುವಾಗ ಆ ಹೆಸರು ಮೊದಲ ಸಲ ಕೇಳಿದ್ದು. ಅವನು 1743ರಲ್ಲಿ ಉತ್ತರ ಫ್ರಾನ್ಸಿನ ರಿಬ್‌ಮಾಂಟ್ ಎಂಬ ಊರಿನಲ್ಲಿ ಹುಟ್ಟಿದವನು. ಗಣಿತಜ್ಞ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ. ಆ ಕಾಲದಲ್ಲಿ ರಾಜ ಹೇಳಿದ್ದೇ ಸರಿ, ಪಾದ್ರಿ ಹೇಳಿದ್ದೇ ಸರಿ ಅನ್ನುವುದನ್ನು ಪ್ರಶ್ನಿಸಿದವರು ಹಲವರಿದ್ದರು. ಕಾಂಡೋರ್ಸೆ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದ: ಸರಿ, ಜನರನ್ನೇ ಕೇಳೋಣ. ಆದರೆ ಹೇಗೆ ಕೇಳಿದರೆ ಜನರ ನಿಜವಾದ ಮನಸ್ಸು ಗೊತ್ತಾಗುತ್ತದೆ? 1785ರ ಪುಸ್ತಕದಲ್ಲಿ ಅವನು ಕೊಟ್ಟ ಒಂದು ಲೆಕ್ಕ ಹೀಗಿದೆ. 60 ಜನ ಮತದಾರರು, ಮೂವರು ಅಭ್ಯರ್ಥಿಗಳು. ಮೊದಲನೆಯವನಿಗೆ 23, ಎರಡನೆಯವನಿಗೆ 19, ಮೂರನೆಯವನಿಗೆ 18. ನಮ್ಮ ರೂಢಿಯಲ್ಲಿ 23 ಬಂದವನು ಗೆದ್ದ. ಆದರೆ ಆ 23 ಜನರಿಗೂ, 19 ಜನರಿಗೂ ಎರಡನೇ ಇಷ್ಟ ಮೂರನೆಯವನೇ. ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ ನೋಡಿ. ಮೂರನೆಯವನು ಮೊದಲನೆಯವನನ್ನು 37-23ರಲ್ಲಿ, ಎರಡನೆಯವನನ್ನು 41-19ರಲ್ಲಿ ಸೋಲಿಸುತ್ತಾನೆ. ಕೊನೆಗೆ ಬಂದವನೇ ಎಲ್ಲರಿಗೂ ಹೆಚ್ಚು ಒಪ್ಪಿಗೆಯಾದವನು!

ಇದನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ಸೀಮೆಸುಣ್ಣದ ಚೂರುಗಳನ್ನು ಇಟ್ಟು ತೋರಿಸಿದೆ. ಅವರು ಎರಡು ಸಲ ತಾವೇ ಎಣಿಸಿದರು. "ಹಾಗಾದ್ರೆ ಮೊದಲೇ ತೆಗೆದ್ರೆ ಇವನು ಎದುರುಬದುರು ನಿಲ್ಲೋ ಅವಕಾಶವೇ ಇಲ್ಲ" ಅಂದರು. ಹೌದು. ಅಷ್ಟೇ ವಿಷಯ.

ಹೀಗಾಗಿ ಕ್ರಮ ಬರೆದೆವು. ಗುಟ್ಟಿನ ಚೀಟಿ. ಮೂರಕ್ಕೂ 1, 2, 3 ಬರೆಯಬೇಕು. ಎಣಿಸುವಾಗ ಎರಡೆರಡನ್ನೇ ಎದುರುಬದುರು ನಿಲ್ಲಿಸುವುದು. ಉಳಿದ ಎರಡನ್ನೂ ಸೋಲಿಸಿದ್ದು ಗೆದ್ದಿತು.

ಇಲ್ಲಿ ಒಂದು ತೊಡಕಿದೆ. ಅದನ್ನು ಕಂಡುಹಿಡಿದವನೂ ಕಾಂಡೋರ್ಸೆಯೇ. ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು ಸೋಲಿಸಿ ಸುತ್ತು ಬೀಳಬಹುದು. ಒಬ್ಬೊಬ್ಬರ ಮನಸ್ಸು ನೆಟ್ಟಗೇ ಇದ್ದರೂ ಎಲ್ಲರದೂ ಸೇರಿದಾಗ ಗಂಟಾಗಬಹುದು. ಹಾಗಾದರೆ ಎಲ್ಲಕ್ಕಿಂತ ಕಡಿಮೆ ಅಂತರದ ಗೆಲುವನ್ನು ಕೈಬಿಡುವುದು ಅಂತ ಮೊದಲೇ ಬರೆದಿಟ್ಟೆವು. ದೋಷವೇ ಇಲ್ಲದ ಮತದಾನದ ಕ್ರಮ ಸಿಕ್ಕೀತು ಅಂತ ಆಸೆಪಡಬೇಡಿ. 1951ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಅಂಥದ್ದು ಸಾಧ್ಯವಿಲ್ಲ ಅಂತ ಗಣಿತದಲ್ಲೇ ತೋರಿಸಿದರು. ನಮ್ಮ ಅಮರ್ತ್ಯ ಸೇನ್ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದೂ ಇದೇ ದಾರಿಯಲ್ಲಿ.

ಚೀಟಿಯ ದಿನಕ್ಕೆ ಮೊದಲು

ಮತದಾನಕ್ಕೆ ನಾಲ್ಕು ದಿನ ಇರುವಾಗ ಒಂದು ಸುದ್ದಿ ಬಂತು. ರಂಗಮಂದಿರದ ಹುಡುಗರು ಒಳಗೊಳಗೇ ಮಾತಾಡಿಕೊಂಡಿದ್ದರು. ಶೌಚಾಲಯಕ್ಕೆ ಎರಡನೇ ಇಷ್ಟ ಜಾಸ್ತಿ ಬರಬಹುದು, ಹಾಗಾಗಿ ಎಲ್ಲರೂ ಬೇಕಂತಲೇ ಅದಕ್ಕೆ 3 ಹಾಕೋಣ ಅಂತ. ಕೇಳಿ ನನಗೆ ಸಂಕಟ ಆಯಿತು. ಕಾಂಡೋರ್ಸೆಯ ಕಾಲದಲ್ಲೂ ಇದೇ ಭಯ ಇತ್ತು. ಅದೇ ಅಕಾಡೆಮಿಯ ಬೋರ್ಡಾ ಎಂಬವನು ಮೊದಲ ಇಷ್ಟಕ್ಕೆ ಹೆಚ್ಚು, ಎರಡನೆಯದಕ್ಕೆ ಕಡಿಮೆ ಅಂತ ಅಂಕ ಕೊಟ್ಟು ಕೂಡಿಸುವ ಇನ್ನೊಂದು ಕ್ರಮ ಹೇಳಿದ್ದ. ಜನ ಬೇಕಂತಲೇ ತಪ್ಪು ಕ್ರಮ ಬರೆದರೆ ಏನು ಮಾಡುತ್ತೀರಿ ಅಂತ ಕೇಳಿದಾಗ, ನನ್ನ ಕ್ರಮ ಪ್ರಾಮಾಣಿಕರಿಗೆ ಮಾತ್ರ ಅಂತ ಅವನು ಹೇಳಿದನಂತೆ.

ನಾನು ಹುಡುಗರ ಮುಖಂಡನನ್ನು ಕರೆದು ಮನೆ ಜಗಲಿಯಲ್ಲಿ ಕೂರಿಸಿದೆ. ಬೈಯಲಿಲ್ಲ. ಅವನಿಗೆ ರಂಗಮಂದಿರ ಬೇಕು ಅನ್ನುವುದು ನಿಜ, ಅವನು ಅದಕ್ಕಾಗಿ ಓಡಾಡಿದ್ದೂ ನಿಜ. ಒಂದು ಹಾಳೆ ತೆಗೆದು ಊಹೆಯ ಅಂಕಿ ಹಾಕಿ ತೋರಿಸಿದೆ. "ನಿನಗೆ ಎಲ್ಲಕ್ಕಿಂತ ಬೇಡವಾದದ್ದು ಯಾವುದಪ್ಪ?" ಅಂದೆ. "ಕಮಾನು ಸರ್." "ನೀವೆಲ್ಲ ಶೌಚಾಲಯವನ್ನ ಕೊನೆಗೆ ತಳ್ಳಿದ್ರೆ ಎರಡನೇ ಜಾಗಕ್ಕೆ ಬರೋದು ಯಾವುದು?" ಅವನು ಹಾಳೆಯನ್ನೇ ನೋಡುತ್ತಾ ಕೂತ. "ಕಮಾನೇ" ಅಂದ. ಅಷ್ಟರಲ್ಲಿ ಒಳಗಿನಿಂದ ಕಷಾಯ ಬಂತು, ಇಬ್ಬರೂ ಕುಡಿದೆವು. ಹೋಗುವಾಗ "ಮನಸ್ಸಲ್ಲಿ ಇದ್ದದ್ದನ್ನೇ ಬರೀರಿ ಅಂತ ಹೇಳ್ತೇನೆ ಸರ್" ಅಂದ. ಈ ಪ್ರಕರಣದ ನಿಜವಾದ ತಿರುವು ಆ ಜಗಲಿಯಲ್ಲೇ ಆಯಿತು ಅಂತ ನನ್ನ ನಂಬಿಕೆ. ಕ್ರಮ ಎಷ್ಟೇ ಒಳ್ಳೆಯದಿರಲಿ, ಅದು ಯಾಕೆ ಹೀಗಿದೆ ಅಂತ ಜನರಿಗೆ ಕೂತು ವಿವರಿಸದಿದ್ದರೆ ಅದು ಉಳಿಯುವುದಿಲ್ಲ.

ಎಣಿಕೆ

ಭಾನುವಾರ ಹತ್ತು ಗಂಟೆಗೆ ಮತದಾನ. ಡ್ರಾಯಿಂಗ್ ಮೇಷ್ಟ್ರು ಚೀಟಿಯ ಮೇಲೆ ಕಮಾನು, ರಂಗಮಂದಿರ, ಶೌಚಾಲಯದ ಸಣ್ಣ ಚಿತ್ರ ಬರೆದಿದ್ದರು. ಓದಲು ಕಷ್ಟಪಡುವ ಹಿರಿಯರಿಗೂ ಅನುಕೂಲ ಆಗಲಿ ಅಂತ. ಐದನೇ ಕ್ಲಾಸಿನ ಕೋಣೆಯಲ್ಲಿ ಒಬ್ಬೊಬ್ಬರೇ ಹೋಗಿ ಬರೆದು, ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಹಾಕಿ ಬಂದರು. ಒಬ್ಬ ಅಜ್ಜಿ ಒಳಗೆ ಹೋದವರು ಹತ್ತು ನಿಮಿಷ ಹೊರಗೆ ಬರಲಿಲ್ಲ. ಬಂದ ಮೇಲೆ "ಮೂರನ್ನೂ ಯೋಚಿಸ್ಬೇಕಲ್ಲ ಮಾರಾಯ" ಅಂದರು. ಆ ಮಾತು ನನಗೆ ಇವತ್ತಿಗೂ ಇಷ್ಟ. ಕೈ ಎತ್ತುವಾಗ ಯಾರೂ ಮೂರನ್ನೂ ಯೋಚಿಸಿರಲಿಲ್ಲ.

ಎಣಿಸುವಾಗ ಏಳನೇ ಕ್ಲಾಸಿನ ಇಬ್ಬರು ಮಕ್ಕಳು ಕಪ್ಪು ಹಲಗೆಯ ಹತ್ತಿರ ನಿಂತು ಗೆರೆ ಎಳೆದರು. ಐದಕ್ಕೊಂದು ಅಡ್ಡಗೆರೆ. ಎಲ್ಲ 53 ಚೀಟಿಯೂ ಸರಿ ಇದ್ದವು. ಮೊದಲ ಇಷ್ಟ: ರಂಗಮಂದಿರ 21, ಕಮಾನು 18, ಶೌಚಾಲಯ 14. ಶೌಚಾಲಯದ ಮುಂದೆ 14 ಅಂತ ಬಿದ್ದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಆಯಿತು. ಕೈ ಎತ್ತಿದಾಗ ಅದು 6 ಇತ್ತಲ್ಲ! ಬರೀ ಗುಟ್ಟಿನ ಚೀಟಿಯಿಂದಲೇ ಎರಡು ಪಟ್ಟು ಮೀರಿ ಹೋಗಿತ್ತು.

ಆಮೇಲೆ ಒಳಗಿನ ಕ್ರಮ. ರಂಗಮಂದಿರದ 21 ಜನರಲ್ಲಿ 17 ಜನಕ್ಕೆ ಎರಡನೇ ಇಷ್ಟ ಶೌಚಾಲಯ, 4 ಜನಕ್ಕೆ ಕಮಾನು. ಕಮಾನಿನ 18 ಜನರಲ್ಲಿ 14 ಜನಕ್ಕೆ ಎರಡನೇ ಇಷ್ಟ ಶೌಚಾಲಯ, 4 ಜನಕ್ಕೆ ರಂಗಮಂದಿರ. ಶೌಚಾಲಯದ 14 ಜನರಲ್ಲಿ 8 ಜನ ಎರಡನೆಯದಾಗಿ ಕಮಾನು ಬರೆದಿದ್ದರು, 6 ಜನ ರಂಗಮಂದಿರ.

ಎದುರುಬದುರು ನಿಲ್ಲಿಸಿದೆವು. ರಂಗಮಂದಿರ ಮತ್ತು ಕಮಾನು: 27-26. ಶೌಚಾಲಯ ಮತ್ತು ರಂಗಮಂದಿರ: 28-25. ಶೌಚಾಲಯ ಮತ್ತು ಕಮಾನು: 31-22.

ಆ ಮೊದಲ ಸಂಖ್ಯೆಯನ್ನು ಗಮನಿಸಿ. ಮರುಮತದಾನ ಮಾಡಿದ್ದರೂ, ಕಡಿಮೆ ಬಂದದ್ದನ್ನು ತೆಗೆದು ಹಂಚಿದ್ದರೂ, ಶೌಚಾಲಯ ಮೊದಲೇ ಹೊರಗೆ ಹೋಗಿ ರಂಗಮಂದಿರ 27-26ರಲ್ಲಿ ಗೆಲ್ಲುತ್ತಿತ್ತು. ಒಂದೇ ಮತದ ಅಂತರ! ಊರಿಗೆ ಇದಕ್ಕಿಂತ ಕೆಟ್ಟ ಫಲಿತಾಂಶ ಇಲ್ಲ. ಆ ಒಂದು ಮತ ಯಾರದು ಅಂತ ಹತ್ತು ವರ್ಷ ಹುಡುಕುತ್ತಿದ್ದರು. ಅದರ ಬದಲು ಕಮಾನಿನವರೂ ರಂಗಮಂದಿರದವರೂ ಹಲಗೆಯನ್ನು ನೋಡಿ, ತಮ್ಮಲ್ಲೇ ಬಹುಪಾಲು ಜನ ಎರಡನೆಯದಾಗಿ ಒಂದನ್ನೇ ಬರೆದಿದ್ದೇವೆ ಅಂತ ಕಂಡರು. ಅಧ್ಯಕ್ಷರು "ಇದು ನಮ್ಮೆಲ್ಲರದೂ ಆಯ್ತಲ್ಲ" ಅಂದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ.

ಮನೆಗೆ ಬಂದು ಇನ್ನೊಂದು ಲೆಕ್ಕ ಹಾಕಿದೆ. ಆ 17 ಹುಡುಗರು ಬೇಕಂತಲೇ ಶೌಚಾಲಯವನ್ನು ಕೊನೆಗೆ ತಳ್ಳಿದ್ದರೆ? ಕಮಾನು ಶೌಚಾಲಯವನ್ನು 39-14ರಲ್ಲಿ ಸೋಲಿಸುತ್ತಿತ್ತು. ಶೌಚಾಲಯ ರಂಗಮಂದಿರವನ್ನು, ರಂಗಮಂದಿರ ಕಮಾನನ್ನು ಸೋಲಿಸಿ ಸುತ್ತು ಬೀಳುತ್ತಿತ್ತು. ನಾವು ಬರೆದ ನಿಯಮದಂತೆ 27-26ರ ಗೆಲುವನ್ನು ಕೈಬಿಟ್ಟರೆ ಉಳಿಯುತ್ತಿದ್ದದ್ದು ಕಮಾನು. ಬೋರ್ಡಾನ ಅಂಕದ ಲೆಕ್ಕದಲ್ಲೂ ಕಮಾನೇ. ಜಗಲಿಯಲ್ಲಿ ಊಹೆಯ ಅಂಕಿಯಲ್ಲಿ ಹೇಳಿದ್ದು ನಿಜದ ಚೀಟಿಯಲ್ಲೂ ಹಾಗೇ ಬಂತು. ಆ ಹುಡುಗನಿಗೆ ಹಾಳೆ ತೋರಿಸಿದೆ. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಆಮೇಲೆ ಆದದ್ದು

ಎಲ್ಲವೂ ಸಲೀಸಾಗಿ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮುನಿಸಿಕೊಂಡಿದ್ದ ದಾನಿ ಅರ್ಧ ಮೊತ್ತವನ್ನಷ್ಟೇ ಕೊಟ್ಟರು. ಅದಕ್ಕೆ ಟೈಲ್ಸ್ ಕೈಬಿಟ್ಟು ಸಿಮೆಂಟು ಗಾರೆ ಮಾಡಿಸಿದೆವು. ಮಳೆಗಾಲ ಶುರುವಾಗಿ ಕೆಲಸ ಎರಡು ತಿಂಗಳು ನಿಂತಿತು. ಟ್ಯಾಂಕಿಗೆ ನೀರು ಏರಿಸುವ ಮೋಟಾರು ಒಮ್ಮೆ ಸುಟ್ಟಿತು. ಕೊನೆಗೂ ನಾಲ್ಕು ಕೋಣೆ, ಒಳಗಿನಿಂದ ಚಿಲಕ ಇರುವ ಬಾಗಿಲು, ಕೈ ತೊಳೆಯಲು ನಲ್ಲಿಯ ಸಾಲು ಆಯಿತು. ಆ ತಾಯಿ ಒಂದು ದಿನ ಸಂತೆಯಲ್ಲಿ ಸಿಕ್ಕಿ, ಮಗಳ ಬಾಟ್ಲಿ ಈಗ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೇ ಖಾಲಿ ಆಗಿರುತ್ತದೆ, ಶಾಲೆಯಲ್ಲೇ ಮತ್ತೆ ತುಂಬಿಸಿಕೊಳ್ಳುತ್ತಾಳೆ ಅಂದರು.

ನಮ್ಮ ಚೀಟಿ ಕೇಳದೇ ಬಿಟ್ಟ ಪ್ರಶ್ನೆ ಒಂದಿತ್ತು. ದಿನಾ ತೊಳೆಯುವವರು ಯಾರು, ಅವರಿಗೆ ಸಂಬಳ ಎಲ್ಲಿಂದ? ಕಟ್ಟುವ ಉತ್ಸಾಹದಲ್ಲಿ ಇದು ಯಾರ ತಲೆಗೂ ಬರಲಿಲ್ಲ. ಮಕ್ಕಳ ಕೈಯಲ್ಲಿ ತೊಳೆಸುವುದಕ್ಕೆ ನಾವು ಯಾರೂ ಒಪ್ಪಲಿಲ್ಲ. ಈಗ ಸಮಿತಿಯವರು ತಿಂಗಳಿಗೆ ಇಷ್ಟು ಅಂತ ಹಾಕಿ ಒಬ್ಬರನ್ನು ನೇಮಿಸಿದ್ದಾರೆ. ಎರಡು ತಿಂಗಳು ಆ ದುಡ್ಡು ತಡವಾಯಿತು. ಇದಕ್ಕೆ ಗಟ್ಟಿ ವ್ಯವಸ್ಥೆ ಇನ್ನೂ ಆಗಿಲ್ಲ.

ಆ ತಾಯಿ ಕೇಳಿದ್ದು

ಎಣಿಕೆ ಮುಗಿದ ದಿನ ಎಲ್ಲ ಹೋದ ಮೇಲೆ ನಾನು ಹಲಗೆಯ ಅಂಕಿ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದೆ. ಆ ತಾಯಿ ಬಾಗಿಲ ಹತ್ತಿರ ಬಂದು ನಿಂತರು. ಸಂತೋಷದಿಂದ ಬಂದಿದ್ದಾರೆ ಅಂದುಕೊಂಡೆ. ಅವರು ಮೆಲ್ಲಗೆ ಕೇಳಿದರು: "ಸರ್, ಅವತ್ತು ಕೈ ಎತ್ತಿದಾಗ ಆರು ಬಂತು. ಇವತ್ತೂ ಇನ್ನೆರಡು ಜನ ಆ ಕಡೆ ಬರೆದಿದ್ರೆ ಸೋಲ್ತಿತ್ತು. ಸೋತಿದ್ರೆ ನನ್ನ ಮಗಳಿಗೆ ನೀರು ಕುಡಿಬೇಡ ಅಂತ ನೀವೆಲ್ಲ ವೋಟು ಹಾಕಿದ ಹಾಗೆ ಆಗ್ತಿತ್ತಲ್ವಾ? ಇದನ್ನ ವೋಟಿಗೆ ಹಾಕಿದ್ದೇ ಸರಿಯಾ?"

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. 28-25. ರಂಗಮಂದಿರದ ಎದುರು ಗೆದ್ದದ್ದು ಮೂರೇ ಮತದ ಅಂತರದಲ್ಲಿ. ಎಣಿಸುವ ಕ್ರಮ ಸರಿಯಾಗಿದೆಯೇ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನು ನಾನು. ಚೀಟಿಯ ಮೇಲೆ ಏನು ಬರಬೇಕು, ಏನು ಬರಬಾರದು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಬಂದಿದೆ. ಪ್ರತಿ ಶಾಲೆಯಲ್ಲಿ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಇರಲೇಬೇಕು ಅಂತ ಅದರ ಅನುಸೂಚಿಯಲ್ಲಿ ಬರೆದಿದೆ. ಅದು ಆ ಮಗುವಿನ ಹಕ್ಕು. ಕಮಾನು, ರಂಗಮಂದಿರ ನಮ್ಮ ಆಸೆ. ಹಕ್ಕನ್ನೂ ಆಸೆಯನ್ನೂ ಒಂದೇ ಚೀಟಿಯಲ್ಲಿ ಸಾಲಾಗಿ ಇಟ್ಟಿದ್ದೆ.

ಕಾಂಡೋರ್ಸೆಯನ್ನು ನಾನು ಅರ್ಧವೇ ಓದಿದ್ದೆ ಅಂತ ಆಗ ಗೊತ್ತಾಯಿತು. ಮತದ ಲೆಕ್ಕ ಬರೆದ ಆ ಮನುಷ್ಯ ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ, 1790ರಲ್ಲಿ, ಹೆಂಗಸರಿಗೂ ಪೌರತ್ವದ ಹಕ್ಕು ಸಿಗಬೇಕು ಅಂತ ಒಂದು ಪುಟ್ಟ ಲೇಖನ ಬರೆದ. ಒಂದೋ ಮನುಷ್ಯರಲ್ಲಿ ಯಾರಿಗೂ ಹಕ್ಕು ಇಲ್ಲ, ಇಲ್ಲವಾದರೆ ಎಲ್ಲರಿಗೂ ಒಂದೇ ಹಕ್ಕು ಅನ್ನುತ್ತಾನೆ ಅದರಲ್ಲಿ. ಧರ್ಮ, ಬಣ್ಣ, ಹೆಣ್ಣು ಗಂಡು ಯಾವುದೇ ಕಾರಣಕ್ಕೆ ಇನ್ನೊಬ್ಬರ ಹಕ್ಕಿನ ವಿರುದ್ಧ ಮತ ಹಾಕಿದವನು ತನ್ನ ಹಕ್ಕನ್ನೂ ಬಿಟ್ಟುಕೊಟ್ಟ ಹಾಗೆ ಅಂತಲೂ ಹೇಳುತ್ತಾನೆ. ಅಂದರೆ ಬಹುಮತವನ್ನು ಅಷ್ಟು ಜತನದಿಂದ ಅಳೆದವನೇ ಬಹುಮತ ಮುಟ್ಟಬಾರದ ಒಂದು ಗೆರೆಯನ್ನೂ ಎಳೆದಿದ್ದ. ಅದಕ್ಕೂ ಮೊದಲು 1781ರಲ್ಲಿ ಗುಲಾಮಗಿರಿಯ ವಿರುದ್ಧ ಬೇರೆ ಹೆಸರಿನಲ್ಲಿ ಪುಸ್ತಕ ಬರೆದಿದ್ದ. 1792ರ ಏಪ್ರಿಲ್ 20ರಂದು ಶಾಸನಸಭೆಯ ಮುಂದೆ ಸಾರ್ವಜನಿಕ ಶಿಕ್ಷಣದ ವರದಿ ಓದಲು ನಿಂತ. ಎಲ್ಲ ಮಕ್ಕಳಿಗೂ, ಹುಡುಗಿಯರಿಗೂ, ಪುಕ್ಕಟೆಯಾಗಿ ಶಾಲೆ ಸಿಗಬೇಕು ಅನ್ನುವ ವರದಿ ಅದು. ಆಸ್ಟ್ರಿಯಾದ ಮೇಲೆ ಯುದ್ಧ ಸಾರುವ ವಿಷಯ ಬಂದು ಓದು ಅರ್ಧಕ್ಕೆ ನಿಂತಿತು. ಮರುದಿನ ಮುಗಿಸಿದ. ಯುದ್ಧದ ಗಲಾಟೆಯಲ್ಲಿ ಆ ಯೋಜನೆ ಜಾರಿಗೆ ಬರಲಿಲ್ಲ.

ಅವನ ಕೊನೆ ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ. ಮರಣದಂಡನೆ ಬೇಡ ಅನ್ನುತ್ತಿದ್ದವನು, ರಾಜನ ತಲೆ ತೆಗೆಯಲೂ ಒಪ್ಪಲಿಲ್ಲ. 1793ರಲ್ಲಿ ಹೊಸ ಸಂವಿಧಾನವನ್ನು ಟೀಕಿಸಿದ್ದಕ್ಕೆ ಬಂಧನದ ಆದೇಶ ಬಂತು. ಪ್ಯಾರಿಸ್ಸಿನಲ್ಲಿ ಮೇಡಂ ವೆರ್ನೆ ಎಂಬ ಹೆಂಗಸಿನ ಮನೆಯಲ್ಲಿ ತಿಂಗಳುಗಟ್ಟಲೆ ಅಡಗಿದ್ದ. ಆಗ ಬರೆದದ್ದು ಮನುಷ್ಯನ ಬುದ್ಧಿ ಹೇಗೆ ಮುಂದೆ ಮುಂದೆ ಹೋಗುತ್ತದೆ ಅನ್ನುವ ಭರವಸೆಯ ಪುಸ್ತಕ. ಹೊರಗೆ ತಲೆ ಹಾರಿಸುತ್ತಿರುವಾಗ ಒಳಗೆ ಕೂತು ಹಾಗೆ ಬರೆಯಲು ಎಂಥ ಎದೆ ಬೇಕು! 1794ರ ಮಾರ್ಚಿನಲ್ಲಿ ಸಿಕ್ಕಿಬಿದ್ದು ಸೆರೆಮನೆಯಲ್ಲಿ ಸತ್ತ. ದೇಹ ಎಲ್ಲಿ ಹೂತರೋ ಸಿಗಲಿಲ್ಲ. 1989ರಲ್ಲಿ ಪ್ಯಾರಿಸ್ಸಿನಲ್ಲಿ ದೇಶದ ದೊಡ್ಡವರ ಸ್ಮಾರಕವಾದ ಪ್ಯಾಂಥಿಯನ್‌ನಲ್ಲಿ ಅವನಿಗೆ ಗೌರವದ ಜಾಗ ಕೊಟ್ಟಾಗ ಇಟ್ಟದ್ದು ಖಾಲಿ ಪೆಟ್ಟಿಗೆ.

ಈಗ ಏನು ಮಾಡುತ್ತಿದ್ದೇವೆ

ಬೇರೆ ಊರಿನವರು ಕೇಳಿದರೆ ನಾನು ಮೊದಲು ಹೇಳುವುದು ಚೀಟಿಯ ವಿಷಯ ಅಲ್ಲ. ಪಟ್ಟಿ ಯಾರು ಮಾಡಿದರು ಅಂತ ಕೇಳುತ್ತೇನೆ. ನಮ್ಮ ಪಟ್ಟಿಯ ಮೊದಲ ಎರಡು ಹೆಸರು ಐದಾರು ಗಂಡಸರು ಸಂಜೆ ಕೂತು ಮಾಡಿದ್ದು. ಆ ತಾಯಿ ಚಹಾ ಹೊತ್ತಿನಲ್ಲಿ ಬಾಯಿ ಬಿಡದಿದ್ದರೆ ಕಾಂಡೋರ್ಸೆಯ ಲೆಕ್ಕ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇರಲಿಲ್ಲ. ಎದುರುಬದುರು ನಿಲ್ಲಿಸಲು ಕಮಾನು, ರಂಗಮಂದಿರ ಎರಡೇ ಇರುತ್ತಿದ್ದವು.

ಎರಡನೆಯದು, ಒಬ್ಬೊಬ್ಬರೂ ತಾವೇ ಯೋಚಿಸಲು ಬಿಡಬೇಕು. ಕಾಂಡೋರ್ಸೆಯ ಇನ್ನೊಂದು ಲೆಕ್ಕ ಇದನ್ನೇ ಹೇಳುತ್ತದೆ. ಒಬ್ಬೊಬ್ಬರು ನೂರಕ್ಕೆ 60 ಸಲ ಸರಿಯಾದದ್ದನ್ನು ಆರಿಸುತ್ತಾರೆ ಅಂತಿಟ್ಟುಕೊಳ್ಳಿ. ಮೂವರ ಬಹುಮತ ನೂರಕ್ಕೆ ಸುಮಾರು 65 ಸಲ ಸರಿ ಇರುತ್ತದೆ. ಹನ್ನೊಂದು ಜನ ಸೇರಿದರೆ 75. ಐವತ್ತು ದಾಟಿದರೆ 90ನ್ನೂ ಮೀರುತ್ತದೆ. ಆದರೆ ಒಬ್ಬರ ಮುಖ ನೋಡಿ ಒಬ್ಬರು ಕೈ ಎತ್ತಿದರೆ ಈ ಲಾಭ ಪೂರ್ತಿ ಹೋಗುತ್ತದೆ. ನಮ್ಮ ಎರಡನೇ ಸಭೆಯಲ್ಲಿ 49 ಕೈ ಎದ್ದಿದ್ದವು. ಯೋಚಿಸಿದ ತಲೆ ಎಷ್ಟಿದ್ದವೋ, ಮುಂದಿನ ಸಾಲಿನಷ್ಟೇ ಇರಬೇಕು.

ಆ ತಾಯಿಯ ಪ್ರಶ್ನೆಯನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಅವರ ಮಾತಿನಲ್ಲೇ ಬರೆಸಿದ್ದೇವೆ. ಅದನ್ನು ಓದಿಯೇ ಸಭೆ ಶುರು. ಪಟ್ಟಿ ಮಾಡುವ ಸಭೆ ಈಗ ಬೆಳಿಗ್ಗೆ 11ಕ್ಕೆ ಶಾಲೆಯಲ್ಲೇ ನಡೆಯುತ್ತದೆ, ಸಂಜೆ ಅಲ್ಲ. ಮಕ್ಕಳನ್ನು ಬಿಟ್ಟು ಹೋಗಲು ಬರುವ ತಾಯಂದಿರು ಆ ಹೊತ್ತಿಗೆ ಇರಬಹುದು ಅಂತ. ಮೊದಲು ಅವರ ಮಾತು, ಆಮೇಲೆ ಉಳಿದವರದು. ಹಕ್ಕಿನ ವಿಷಯ ಬಂದರೆ ಅದನ್ನು ಪಕ್ಕಕ್ಕೆ ತೆಗೆದು ನೇರ ಕೆಲಸದ ಪಟ್ಟಿಗೆ ಹಾಕುವುದು. ಉಳಿದದ್ದಕ್ಕೆ ಚೀಟಿ.

ರಂಗಮಂದಿರದ ಹುಡುಗರು ಮತ್ತೆ ದುಡ್ಡು ಕೂಡಿಸುತ್ತಿದ್ದಾರೆ. ಕಮಾನಿನವರೂ ಸುಮ್ನೆ ಕೂತಿಲ್ಲ. ಮುಂದಿನ ಮತದಾನ ದೀಪಾವಳಿ ಕಳೆದ ಮೇಲೆ, ಅಡಿಕೆ ಕೊಯ್ಲು ಶುರುವಾಗುವ ಮೊದಲು. ಪಟ್ಟಿಯಲ್ಲಿ ಈ ಸಲ ನಾಲ್ಕು ಹೆಸರಿವೆ. ನಾಲ್ಕನೆಯದನ್ನು ಸೇರಿಸಿದ್ದು ಹತ್ತು ನಿಮಿಷ ಯೋಚಿಸಿ ಚೀಟಿ ಬರೆದ ಆ ಅಜ್ಜಿ: ಮಕ್ಕಳು ಮಳೆಯಲ್ಲಿ ನೆನೆಯದೆ ಕೂತು ಊಟ ಮಾಡಲು ಒಂದು ಮಾಡು. ಅದು ಹಕ್ಕಿನ ಪಟ್ಟಿಗೆ ಹೋಗಬೇಕೋ, ಚೀಟಿಗೆ ಹೋಗಬೇಕೋ ಅಂತ ಬರುವ ಶನಿವಾರ ಕೂತು ಮಾತಾಡುತ್ತಿದ್ದೇವೆ.